ಕಸುಬು ಬದಲಿಸಿ ಗುರುಗಳಾಗುವವರ ಓದು

“ಒಂದನೆಯ ಇಯತ್ತೆಯ ಮಕ್ಕಳಿಗೆ ಅ, ಆ, ಇ, ಈ ಹೇಳಿಕೊಡುವುದಕ್ಕೆ ಎರಡು ವರ್ಷಗಳ ಓದು ಏತಕ್ಕೆ?” ಎಂದು ನಮ್ಮ ಶಾಲೆಯ ಮೇಲಿನ ತರಗತಿಯ ವಿದ್ಯಾರ್ಥಿಗಳು ಆಗಾಗ ಕೇಳುವುದುಂಟು. ಪ್ರಶ್ನೆ ಸಹಜವಾದುದೇ. ಅಕ್ಷರಗಳು ಓದುಬರಹ ಬಲ್ಲವರಿಗೆಲ್ಲ ಗೊತ್ತು. ಕೂಡುವ ಕಳೆಯುವ ಲೆಕ್ಕಗಳು ಅಂಗಡಿಯವನಿಗೂ ಬರುತ್ತವೆ, ಬಸ್ಸಿನ ಕಂಡಕ್ಟರನಿಗೂ ಬರುತ್ತವೆ. ತಾನು ಬಲ್ಲುದನ್ನು ಬಾರದವನಿಗೆ ಹೇಳಿಕೊಡುವುದರಲ್ಲಿ ಕಲಿಯತಕ್ಕದ್ದೇನಿದೆ ಎಂದು ನಿಮಗೆ ತೋರಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಈ ಪ್ರಶ್ನೆಗೆ ಉತ್ತರವನ್ನು ಸ್ವಂತ ಅನುಭವದಿಂದ ಬಲ್ಲವರು ಒಂದು ವರ್ಗದವರಿದ್ದಾರೆ. ಅವರು ಬೇರೊಂದು ಕಸುಬಿನಲ್ಲಿ ಹಲವು ವರ್ಷ ದುಡಿದು, ಅದರಲ್ಲಿ ಪಳಗಿ, ತರುವಾಯ ಅದನ್ನು ಬಿಟ್ಟು ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಲು ತರಬೇತಿಗೆ ಸೇರಿದವರು. ಅವರು ಅಲ್ಲಿ ಏನನ್ನು ಓದುತ್ತಾರೆ, ಏಕೆ ಓದಬೇಕಾಗುತ್ತದೆ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಹೀಗೆ ಕಸುಬು ಬದಲಿಸಿ ಮಕ್ಕಳ ಬಳಿಗೆ ಬಂದವರ ಪರಂಪರೆ ಹೊಸತಲ್ಲ. ಗುಜರಾತದಲ್ಲಿ “ಮೀಸೆಯುಳ್ಳ ತಾಯಿ” ಎಂಬ ಅಕ್ಕರೆಯ ಹೆಸರನ್ನು ಪಡೆದ ಗಿಜುಭಾಯಿ ಬಧೇಕಾ (೧೮೮೫–೧೯೩೯) ಅವರು ನಮ್ಮ ಈ ಮುಂಬಯಿಯಲ್ಲಿ ಕಾಯಿದೆ ಓದಿ ವಕೀಲಿ ನಡೆಸುತ್ತಿದ್ದವರು. ತಮಗೆ ಮಗ ಹುಟ್ಟಿದ ಮೇಲೆ, ಮಗುವನ್ನು ಹೇಗೆ ಬೆಳೆಸಬೇಕೆಂಬ ವಿಚಾರದಿಂದ ಶಿಶುಶಿಕ್ಷಣದ ಗ್ರಂಥಗಳನ್ನು ಓದತೊಡಗಿದರು. ೧೯೧೬ರಲ್ಲಿ ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯನ್ನು ಸೇರಿದರು. ೧೯೨೦ರಲ್ಲಿ ಅಲ್ಲಿಯೇ ಬಾಲಮಂದಿರವನ್ನು ಆರಂಭಿಸಿದರು. ಅವರಿಗೆ ದಾರಿ ತೋರಿದ ಗ್ರಂಥಗಳನ್ನು ಬರೆದ ಮಾರಿಯಾ ಮಾಂಟೆಸರಿ ಎಂಬಾಕೆಯೂ ಮೊದಲು ಉಪಾಧ್ಯಾಯಿನಿಯಲ್ಲ, ವೈದ್ಯೆ. ೧೮೯೬ರಲ್ಲಿ ರೋಮಿನಲ್ಲಿ ವೈದ್ಯ ಪದವಿ ಪಡೆದು, ೧೯೦೭ರಲ್ಲಿ ಆ ನಗರದ ಬಡವರ ಕೇರಿಯೊಂದರಲ್ಲಿ ಮಕ್ಕಳ ಮನೆಯನ್ನು ತೆರೆದರು. ೧೯೩೯ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದು ನಮ್ಮ ದೇಶದ ಉಪಾಧ್ಯಾಯರಿಗೂ ತರಬೇತಿ ನೀಡಿದರು. ವಕೀಲರಾಗಲಿ ವೈದ್ಯರಾಗಲಿ, ತಮ್ಮ ವಿದ್ಯೆಯ ಬಲದಿಂದಲೇ ಮಕ್ಕಳಿಗೆ ಕಲಿಸಬಹುದೆಂದು ಇವರಿಬ್ಬರೂ ಭಾವಿಸಲಿಲ್ಲ. ಮೊದಲು ಮಕ್ಕಳನ್ನು ನೋಡಿ ಕಲಿತರು.

ಒಬ್ಬಿಬ್ಬರ ಮಾತು ಹಾಗಿರಲಿ. ಸಹಸ್ರಾರು ಜನರು ಒಮ್ಮೆಗೇ ಕಸುಬು ಬದಲಿಸಿ ಉಪಾಧ್ಯಾಯರಾದ ದೃಷ್ಟಾಂತವೂ ಇದೆ. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಇಂಗ್ಲೆಂಡಿನಲ್ಲಿ ಶಾಲಾ ಉಪಾಧ್ಯಾಯರ ದೊಡ್ಡ ಕೊರತೆ ಒದಗಿತು. ೧೯೪೪ರ ಶಿಕ್ಷಣ ಕಾಯಿದೆಯ ಪ್ರಕಾರ ಮಕ್ಕಳು ಹದಿನೈದು ವರ್ಷದವರೆಗೆ ಶಾಲೆಯಲ್ಲಿರಬೇಕೆಂಬ ನಿಯಮವು ೧೯೪೭ರ ಏಪ್ರಿಲ್‌ನಿಂದ ಜಾರಿಗೆ ಬರುವುದಿತ್ತು. ಆಗ ಅಲ್ಲಿಯ ಸರಕಾರವು ತುರ್ತು ತರಬೇತಿಯ ಯೋಜನೆಯೊಂದನ್ನು ಹೂಡಿತು. ಸೈನಿಕರು, ನಾವಿಕರು, ಯುದ್ಧಸಾಮಗ್ರಿಯ ಕಾರಖಾನೆಗಳಲ್ಲಿ ದುಡಿದ ಗಂಡಸರು ಹೆಂಗಸರು ಅರ್ಜಿ ಹಾಕಿದರು. ಪರೀಕ್ಷೆಗಳ ಅಂಕಪಟ್ಟಿಗಿಂತ ಮುಖಾಮುಖಿ ಸಂದರ್ಶನಕ್ಕೆ ಹೆಚ್ಚು ಬೆಲೆ ಕೊಟ್ಟು ಅವರನ್ನು ಆರಿಸಿದರು. ಕಟ್ಟಡಗಳು ಸಾಲದೆ ಬಂದುದರಿಂದ ಕಾರ್ಮಿಕರ ವಸತಿಗಳಲ್ಲಿಯೂ ಸಿರಿವಂತರ ಹಳೆಯ ಬಂಗಲೆಗಳಲ್ಲಿಯೂ ಕಾಲೇಜುಗಳು ನಡೆದವು. ಆಲ್ನಿಕ್ ಎಂಬಲ್ಲಿ ಕೋಟೆಯೇ ಕಾಲೇಜಾಯಿತು. ಹದಿಮೂರು ತಿಂಗಳ ಓದು, ಅದಾದ ಮೇಲೆ ಶಾಲೆಯಲ್ಲಿ ಎರಡು ವರ್ಷಗಳ ಉಮೇದುವಾರಿ, ಅದರ ಜೊತೆಗೆ ಬಿಡುವಿನ ವೇಳೆಯ ಓದು; ಇದು ಅದರ ಕ್ರಮ. ೧೯೫೧ರ ಹೊತ್ತಿಗೆ ಸುಮಾರು ೩೫,೦೦೦ ಮಂದಿ ಹೀಗೆ ಉಪಾಧ್ಯಾಯರಾದರು.

ಈ ದೃಷ್ಟಾಂತದಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ದೇಶವು ಎಷ್ಟೇ ಅವಸರದಲ್ಲಿದ್ದರೂ, “ನಿಮಗೆ ಲೆಕ್ಕ ಬರುತ್ತದೆ, ಓದು ಬರುತ್ತದೆ, ನಾಳೆಯೇ ತರಗತಿಗೆ ಹೋಗಿ” ಎಂದು ಯಾರಿಗೂ ಹೇಳಲಿಲ್ಲ. ಯುದ್ಧರಂಗದಲ್ಲಿ ನೂರು ಜನರನ್ನು ನಡೆಸಿದವನೂ ಮೊದಲು ವಿದ್ಯಾರ್ಥಿಯ ಬೆಂಚಿನ ಮೇಲೆ ಕುಳಿತುಕೊಳ್ಳಬೇಕಾಯಿತು.

ಈಗ ನಮ್ಮ ದೇಶದ ವ್ಯವಸ್ಥೆಯನ್ನು ನೋಡೋಣ. ಪ್ರಾಥಮಿಕ ಶಾಲೆಯ ಉಪಾಧ್ಯಾಯರಿಗೆ ಇರುವ ಮುಖ್ಯ ತರಬೇತಿಯನ್ನು ಡಿ.ಎಲ್.ಎಡ್. ಎನ್ನುತ್ತಾರೆ. ಇದು ಎರಡು ವರ್ಷಗಳ ಪದವಿಕೆ. ಕರ್ನಾಟಕದಲ್ಲಿ ಹಿಂದೆ ಟಿ.ಸಿ.ಎಚ್. ಎಂದೂ ಡಿ.ಎಡ್. ಎಂದೂ ಕರೆಯುತ್ತಿದ್ದ ಓದೇ ಕಾಲಕ್ರಮದಲ್ಲಿ ಈ ರೂಪವನ್ನು ತಾಳಿದೆ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು ೨೦೧೪ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ, ಹನ್ನೆರಡನೆಯ ಇಯತ್ತೆಯಲ್ಲಿ ಶೇಕಡಾ ೫೦ ಅಂಕ ಪಡೆದವರು ಇದಕ್ಕೆ ಅರ್ಹರು. ಮೀಸಲಾತಿಯುಳ್ಳವರಿಗೆ ರಿಯಾಯಿತಿ ಉಂಟು. ನೀವು ಇದುವರೆಗೆ ಯಾವ ಕಸುಬು ಮಾಡಿದಿರಿ ಎಂದು ಆ ನಿಯಮ ಕೇಳುವುದಿಲ್ಲ. ಆದರೆ ವರ್ಷಕ್ಕೆ ಕನಿಷ್ಠ ೨೦೦ ದಿನ ಓದು ನಡೆಯಬೇಕು. ಪಾಠಗಳಲ್ಲಿ ಶೇಕಡಾ ೮೦, ಶಾಲೆಯ ಅನುಭವದಲ್ಲಿ ಶೇಕಡಾ ೯೦ ಹಾಜರಿ ಇರಬೇಕು. ಆದುದರಿಂದ ಹಗಲಿನ ನೌಕರಿಯನ್ನು ಕೈಯಲ್ಲಿಟ್ಟುಕೊಂಡು ಇದನ್ನು ಪೂರೈಸುವುದು ಸಾಧ್ಯವಿಲ್ಲ. ಎರಡು ವರ್ಷದ ಸಂಬಳವನ್ನು ಬಿಟ್ಟು ಬರುವ ಸಂಸಾರಿಗೆ ಇದು ಸಣ್ಣ ತ್ಯಾಗವಲ್ಲ.

ಇಂಥ ಇಬ್ಬರನ್ನು ಕಲ್ಪಿಸಿಕೊಳ್ಳೋಣ. ಒಬ್ಬರು ಈ ನಗರದ ಹೋಟೆಲೊಂದರಲ್ಲಿ ಎಂಟು ವರ್ಷ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು, ರಾತ್ರಿ ಶಾಲೆಯಲ್ಲಿ ಓದಿ ಹನ್ನೆರಡನೆಯದನ್ನು ಮುಗಿಸಿದವರು. ಮತ್ತೊಬ್ಬರು ಆಸ್ಪತ್ರೆಯಲ್ಲಿ ಹತ್ತು ವರ್ಷ ದಾದಿಯಾಗಿ ದುಡಿದ ತಾಯಿ. ಇವರಿಬ್ಬರೂ ತರಬೇತಿಯ ಮೊದಲ ದಿನ, ತಮಗಿಂತ ಹತ್ತು ಹದಿನೈದು ವರ್ಷ ಕಿರಿಯರ ಪಕ್ಕದಲ್ಲಿ ಬಂದು ಕುಳಿತಿದ್ದಾರೆ. ಇವರಿಗೆ ಅಲ್ಲಿ ಕಲಿಸುವುದೇನು?

ಮೊದಲನೆಯ ವಿಷಯ ಮಗುವಿನ ಬೆಳವಣಿಗೆ. ಚಿಕ್ಕ ಮಗು ಎಂದರೆ ತಿಳಿವಳಿಕೆ ಕಡಮೆಯಿರುವ ದೊಡ್ಡ ಮನುಷ್ಯನಲ್ಲ. ಅದರ ವಿಚಾರದ ರೀತಿಯೇ ಬೇರೆ ಎಂಬುದನ್ನು ಇಲ್ಲಿ ತಿಳಿಸುತ್ತಾರೆ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ (೧೮೯೬–೧೯೮೦) ಎಂಬ ವಿದ್ವಾಂಸರ ಪ್ರಯೋಗವೊಂದು ಬಹು ಪ್ರಸಿದ್ಧವಾದುದು. ಒಂದೇ ಅಳತೆಯ ಎರಡು ಲೋಟಗಳಲ್ಲಿ ಸಮನಾಗಿ ನೀರು ತುಂಬಿಸಿ, ಒಂದರ ನೀರನ್ನು ಮಗುವಿನ ಕಣ್ಣೆದುರಿಗೇ ಕಿರಿದಾದ ಎತ್ತರದ ಲೋಟಕ್ಕೆ ಸುರಿಯುತ್ತಾರೆ. “ಯಾವುದರಲ್ಲಿ ನೀರು ಹೆಚ್ಚು?” ಎಂದು ಕೇಳಿದರೆ ನಾಲ್ಕೈದು ವರ್ಷದ ಮಗು ಸಾಮಾನ್ಯವಾಗಿ ಎತ್ತರದ ಲೋಟವನ್ನು ತೋರಿಸುತ್ತದೆ. ಏಳೆಂಟು ವರ್ಷದ ಮಗು, “ಬರಿದೆ ಸುರಿದಿರಿ, ಬೇರೆ ನೀರು ಸೇರಿಸಲಿಲ್ಲವಲ್ಲ!” ಎನ್ನುತ್ತದೆ. ಪ್ರಶ್ನೆ ಕೇಳುವ ರೀತಿಯನ್ನು ಬದಲಿಸಿದರೆ ಇನ್ನೂ ಚಿಕ್ಕ ಮಕ್ಕಳೂ ಸರಿಯಾಗಿ ಉತ್ತರಿಸಬಲ್ಲರೆಂದು ಮುಂದಿನ ಸಂಶೋಧಕರು ತೋರಿಸಿದ್ದಾರೆ. ಅದನ್ನೂ ಇಲ್ಲಿ ಓದುತ್ತಾರೆ. ಮಗುವಿನ ತಪ್ಪು ಉತ್ತರದ ಹಿಂದೆ ಒಂದು ವಿಚಾರವಿರುತ್ತದೆ. ಕೆಲವೊಮ್ಮೆ ತಪ್ಪು ಕೇಳಿದವರ ಮಾತಿನಲ್ಲಿಯೂ ಇರುತ್ತದೆ. ಈ ಎರಡನ್ನೂ ಅರಿಯುವುದೇ ಈ ಓದಿನ ಸಾರ.

ಇದರ ಜೊತೆಗೇ ಬರುವುದು ಮಗುವನ್ನು ಗಮನಿಸಿ ಬರೆಯುವ ಅಭ್ಯಾಸ. ತರಬೇತಿಯವರು ಒಂದು ಮಗುವನ್ನು ಆರಿಸಿಕೊಂಡು ಕೆಲವು ವಾರ ಅದರ ಓದು, ಆಟ, ಮಾತು, ಮೌನಗಳನ್ನು ನೋಡಿ ಬರೆದಿಡಬೇಕು. “ಹುಡುಗ ಸೋಮಾರಿ” ಎಂದು ಬರೆದರೆ ಗುರುಗಳು ಒಪ್ಪುವುದಿಲ್ಲ. ಅದು ನೋಡಿದ್ದಲ್ಲ, ತೀರ್ಪು. “ಹಲಗೆಯ ಮೇಲಿನದನ್ನು ಬರೆದುಕೊಳ್ಳುವಾಗ ಕಣ್ಣು ಕಿರಿದು ಮಾಡುತ್ತಾನೆ, ನಾಲ್ಕು ಸಲ ಪಕ್ಕದವನ ಪುಸ್ತಕವನ್ನು ನೋಡಿದನು, ಬಾಯಿಪಾಠದ ವೇಳೆಗೆ ಎಲ್ಲರಿಗಿಂತ ಮೊದಲು ಹೇಳಿದನು” ಎಂದು ಬರೆದರೆ ಅದು ನೋಡಿದ್ದು. ಇಂಥ ಟಿಪ್ಪಣಿಯಿಂದ, ಹುಡುಗನಿಗೆ ಬೇಕಾದುದು ಬೈಗಳಲ್ಲ, ಕಣ್ಣಿನ ತಪಾಸಣೆ ಎಂಬುದು ಹೊಳೆಯಬಹುದು. ಇಲ್ಲಿ ದಾದಿಯಾಗಿದ್ದ ಆ ತಾಯಿಗೆ ಹಳೆಯ ಕಸುಬು ನೆರವಾಗುತ್ತದೆ. ರೋಗಿಯ ಜ್ವರ, ನಾಡಿ, ಊಟಗಳನ್ನು ಕಂಡಷ್ಟೇ ಬರೆಯುವ ಶಿಸ್ತು ಅವರ ಕೈಯಲ್ಲಿ ಈಗಾಗಲೇ ಇದೆ.

ಎರಡನೆಯದು ಭಾಷೆಯ ಬೋಧನೆ. ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಬಾಯಿಪಾಠ ಮಾಡಿಸುವುದು ನಮ್ಮ ಹಳೆಯ ಪದ್ಧತಿ. ಆದರೆ ‘ಅ, ಆ, ಇ, ಈ’ಗಳನ್ನು ಬಿಡಿಬಿಡಿಯಾಗಿ ಕಲಿತ ಮಗುವಿಗೆ ಅವುಗಳಿಂದ ಓದಲು ಸಿಗುವ ಶಬ್ದಗಳು ಇಲ್ಲವೆನ್ನುವಷ್ಟು ಕಡಮೆ. ಕರ್ನಾಟಕದ ‘ನಲಿ-ಕಲಿ’ ಪದ್ಧತಿಯು ೧೯೯೫ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಮೊದಲಾಯಿತು. ಅದರಲ್ಲಿ ಮಕ್ಕಳು ಮೊದಲು ಕಲಿಯುವ ಅಕ್ಷರಗಳು ‘ರ, ಗ, ಸ, ದ, ಅ’. ಇವು ಬರೆಯಲು ಸುಲಭ. ಅದಲ್ಲದೆ ಈ ಐದರಿಂದಲೇ ಸರ, ರಸ, ದರ, ಅರಸ, ಅಗಸ, ಗರಗಸ ಎಂದು ಎಷ್ಟೋ ಶಬ್ದಗಳಾಗುತ್ತವೆ. ಕೆಲವು ದಿನಗಳಲ್ಲಿಯೇ ಮಗು “ನಾನು ಓದಿದೆ” ಎನ್ನಬಲ್ಲುದು. ಅಕ್ಷರ ಬಲ್ಲವರಿಗೆಲ್ಲ ಈ ಕ್ರಮದ ಗುಟ್ಟು ತಾನಾಗಿ ತಿಳಿಯದು. ಕಲಿಸುವ ದೃಷ್ಟಿಯಿಂದ ಅಕ್ಷರವನ್ನು ಮತ್ತೊಮ್ಮೆ ನೋಡಿದವರಿಗೆ ಮಾತ್ರ ತಿಳಿಯುತ್ತದೆ.

ಭಾಷೆಯ ಪಾಠದಲ್ಲಿ ನಮ್ಮಂಥ ನಗರದ ಶಾಲೆಗೆ ಬಹಳ ಬೇಕಾದ ಇನ್ನೊಂದು ಅಂಶವುಂಟು. ನಮ್ಮ ತರಗತಿಯಲ್ಲಿ ಮನೆಯಲ್ಲಿ ತುಳು ಆಡುವ ಮಗು ಇದೆ, ಕೊಂಕಣಿ ಆಡುವ ಮಗು ಇದೆ, ಕಲಬುರ್ಗಿಯ ಕನ್ನಡ ಆಡುವ ಮಗು ಇದೆ. ಬೀದಿಯಲ್ಲಿ ಎಲ್ಲರೂ ಮರಾಠಿ, ಹಿಂದಿ ಆಡುತ್ತಾರೆ. ಪುಸ್ತಕದ ಕನ್ನಡ ಇವರಲ್ಲಿ ಅನೇಕರಿಗೆ ಹೊಸ ಭಾಷೆಯೇ ಸರಿ. ಮನೆಯ ಮಾತನ್ನು ಹೀಗಳೆಯದೆ, ಅದನ್ನೇ ಮೆಟ್ಟಿಲಾಗಿ ಮಾಡಿಕೊಂಡು ಪುಸ್ತಕದ ಭಾಷೆಗೆ ಹತ್ತಿಸುವ ಉಪಾಯವನ್ನು ಈ ಓದು ಕಲಿಸುತ್ತದೆ. ಊರು ಬಿಟ್ಟು ಬಂದು, ಪರಭಾಷೆಯ ನಡುವೆ ಮಾತಿಗೆ ತಡವರಿಸಿ, ಕ್ರಮೇಣ ಕಲಿತ ನಮ್ಮ ಹೋಟೆಲಿನ ಗೆಳೆಯರಿಗೆ ಈ ಪಾಠ ಬೇಗ ಮನಸ್ಸಿಗೆ ಹತ್ತುತ್ತದೆ.

ಮೂರನೆಯದು ಗಣಿತ. ಇಲ್ಲಿ ಅವರು ತಮ್ಮನ್ನು ಪಂಡಿತರೆಂದೇ ತಿಳಿದಿರುತ್ತಾರೆ. ಅದು ಸುಳ್ಳೂ ಅಲ್ಲ. ಇಪ್ಪತ್ತೇಳು ರೂಪಾಯಿಯ ಬಿಲ್ಲಿಗೆ ಗಿರಾಕಿಯು ಐವತ್ತರ ನೋಟಿನ ಜೊತೆಗೆ ಎರಡು ರೂಪಾಯಿ ಇಟ್ಟರೆ, ಅವರ ಕೈ ಇಪ್ಪತ್ತೈದನ್ನು ಎಣಿಸಿ ಮುಗಿಸಿರುತ್ತದೆ. ಈಗ ಎರಡನೆಯ ಇಯತ್ತೆಯ ಮಗು ೫೨ರಿಂದ ೨೭ನ್ನು ಕಳೆದು ೩೫ ಎಂದು ಬರೆಯಿತೆನ್ನೋಣ. “ತಪ್ಪು, ಇಪ್ಪತ್ತೈದು” ಎಂದು ಯಾರಾದರೂ ಹೇಳಬಹುದು. ಮಗು ೩೫ ಎಂದು ಏಕೆ ಬರೆಯಿತು ಎಂದು ಹೇಳಬಲ್ಲವನೇ ಉಪಾಧ್ಯಾಯ. ಬಿಡಿಯ ಸ್ಥಾನದಲ್ಲಿ ಎರಡರಿಂದ ಏಳು ಹೋಗದೆಂದು ಕಂಡ ಮಗು, ಏಳರಿಂದ ಎರಡನ್ನು ಕಳೆಯಿತು, ಐದು ಬಂತು. ಹತ್ತರ ಸ್ಥಾನದಲ್ಲಿ ಐದರಿಂದ ಎರಡು ಹೋಗಿ ಮೂರು ಬಂತು. ಅದು ಲೆಕ್ಕವನ್ನು ಸುಮ್ಮನೆ ಊಹಿಸಲಿಲ್ಲ. ‘ದೊಡ್ಡದರಿಂದ ಚಿಕ್ಕದನ್ನು ಕಳೆ’ ಎಂಬ ನಿಯಮವನ್ನು ತಾನೇ ಮಾಡಿಕೊಂಡು ನಿಷ್ಠೆಯಿಂದ ಪಾಲಿಸಿತು. ಇಂಥ ಮಗುವಿಗೆ ಅದೇ ಲೆಕ್ಕವನ್ನು ಹತ್ತು ಸಲ ಬರೆಸಿದರೆ ಹತ್ತು ಸಲವೂ ೩೫ ಬರುವುದೇ ಹೊರತು ಬೇರೆ ಫಲವಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ಹತ್ತು ಹತ್ತು ಕಡ್ಡಿಗಳ ಐದು ಕಟ್ಟು, ಬಿಡಿಯಾಗಿ ಎರಡು ಕಡ್ಡಿ ಮಗುವಿನ ಮುಂದಿಡಬೇಕು. ‘ಇಪ್ಪತ್ತೇಳು ಕೊಡು’ ಎಂದು ಕೇಳಬೇಕು. ಏಳು ಬಿಡಿ ಕಡ್ಡಿಗಳಿಲ್ಲದೆ ಮಗು ತಡೆಯುತ್ತದೆ. ತಾನಾಗಿಯೇ ಒಂದು ಕಟ್ಟನ್ನು ಬಿಚ್ಚುತ್ತದೆ. ಈಗ ನಾಲ್ಕು ಕಟ್ಟು, ಹನ್ನೆರಡು ಬಿಡಿ. ಎರಡು ಕಟ್ಟು, ಏಳು ಬಿಡಿ ಕೊಟ್ಟ ಮೇಲೆ ಎರಡು ಕಟ್ಟು, ಐದು ಬಿಡಿ ಉಳಿಯುತ್ತವೆ. ‘ದಶಕದಿಂದ ಎರವಲು ತರುವುದು’ ಎಂದು ನಾವು ಬಾಯಲ್ಲಿ ಹೇಳುವ ಮಾತು ಮಗುವಿನ ಕೈಯಲ್ಲಿ ನಡೆದುಹೋಯಿತು. ಇನ್ನು ಗಲ್ಲೆಯವರ ಹಳೆಯ ಉಪಾಯವೂ ವ್ಯರ್ಥವಲ್ಲ. ಇಪ್ಪತ್ತೇಳಕ್ಕೆ ಮೂರು ಸೇರಿಸಿ ಮೂವತ್ತು, ಇಪ್ಪತ್ತು ಸೇರಿಸಿ ಐವತ್ತು, ಎರಡು ಸೇರಿಸಿ ಐವತ್ತೆರಡು. ಮೂರು, ಇಪ್ಪತ್ತು, ಎರಡು ಕೂಡಿ ಇಪ್ಪತ್ತೈದು. ಕಳೆಯುವ ಲೆಕ್ಕವನ್ನು ಕೂಡುತ್ತ ಮಾಡುವ ಈ ಕ್ರಮವನ್ನು ಶಿಕ್ಷಣಶಾಸ್ತ್ರವೂ ಮನ್ನಿಸುತ್ತದೆ. ಅವರು ಇದುವರೆಗೆ ಅಭ್ಯಾಸಬಲದಿಂದ ಮಾಡುತ್ತಿದ್ದುದರ ಒಳಗಿನ ಯುಕ್ತಿಯನ್ನು ತರಬೇತಿಯು ಅವರಿಗೇ ತೋರಿಸಿಕೊಡುತ್ತದೆ.

ನಾಲ್ಕನೆಯದು ಪರಿಸರ ಅಧ್ಯಯನ. ಚಿಕ್ಕ ಇಯತ್ತೆಗಳಲ್ಲಿ ವಿಜ್ಞಾನ, ಭೂಗೋಲ, ಪೌರನೀತಿಗಳನ್ನು ಬೇರ್ಪಡಿಸದೆ, ಮಗುವಿನ ಸುತ್ತಲಿನ ಜೀವನದಿಂದಲೇ ಕಲಿಸುತ್ತಾರೆ. ‘ನಮ್ಮ ನಲ್ಲಿಯ ನೀರು ಎಲ್ಲಿಂದ ಬರುತ್ತದೆ?’ ಎಂಬ ಒಂದೇ ಪ್ರಶ್ನೆಯಿಂದ ವಿಹಾರ, ತುಳಸಿ, ತಾನ್ಸಾ, ಮೋಡಕ ಸಾಗರ, ಮೇಲಿನ ವೈತರಣಾ, ನಡುವಿನ ವೈತರಣಾ, ಭಾತ್ಸಾ ಎಂಬ ಏಳು ಜಲಾಶಯಗಳವರೆಗೆ ಹೋಗಬಹುದು. ಮಳೆ, ಕಾಡು, ಕೊಳವೆ, ಪುರಸಭೆ, ನೀರಿನ ಜಗಳ ಎಲ್ಲವೂ ಅದರಲ್ಲಿಯೇ ಬರುತ್ತವೆ. ಉತ್ತರವನ್ನು ಹೇಳಿಬಿಡುವುದಕ್ಕಿಂತ, ಮಕ್ಕಳು ಮನೆಯವರನ್ನೂ ನಲ್ಲಿಯ ಕೆಲಸದವರನ್ನೂ ಕೇಳಿ ತಿಳಿದು ಬರುವಂತೆ ಪ್ರಶ್ನೆಯನ್ನು ಹೂಡುವುದು ಇಲ್ಲಿ ಕಲಿಯಬೇಕಾದ ವಿದ್ಯೆ.

ಇವಲ್ಲದೆ ಸಮಾಜ ಮತ್ತು ಶಿಕ್ಷಣದ ಸಂಬಂಧ, ಮಕ್ಕಳ ಆರೋಗ್ಯ, ಚಿತ್ರ ಸಂಗೀತ ಮುಂತಾದ ಕಲೆಗಳು, ಅಂಗವಿಕಲ ಮಕ್ಕಳನ್ನು ಜೊತೆಗೂಡಿಸಿಕೊಂಡು ಕಲಿಸುವ ಬಗೆ ಇವೂ ಓದಿನಲ್ಲಿ ಸೇರಿವೆ. ಕಾಯಿದೆಯ ತಿಳಿವಳಿಕೆಯೂ ಬೇಕು. ೨೦೦೯ರಲ್ಲಿ ಆದ ಶಿಕ್ಷಣ ಹಕ್ಕಿನ ಕಾಯಿದೆಯು ೨೦೧೦ರ ಏಪ್ರಿಲ್ ೧ರಿಂದ ಜಾರಿಯಲ್ಲಿದೆ. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣ ಅದರಿಂದ ಹಕ್ಕಾಯಿತು. ಮಗುವನ್ನು ಹೊಡೆಯುವುದನ್ನೂ, ಮಾತಿನಿಂದ ಮನಸ್ಸು ನೋಯಿಸಿ ಹಿಂಸಿಸುವುದನ್ನೂ ಅದರ ೧೭ನೆಯ ಕಲಮು ನಿಷೇಧಿಸಿದೆ. ಛಡಿಯೇಟು ತಿಂದೇ ಮಗ್ಗಿ ಕಲಿತ ಹಿರಿಯರು ತರಬೇತಿಗೆ ಬಂದಾಗ, “ನಾವು ಹಾಗೆಯೇ ಕಲಿತೆವಲ್ಲ” ಎಂಬ ಮಾತು ನಾಲಿಗೆಯ ತುದಿಗೆ ಬರುವುದು ಸ್ವಾಭಾವಿಕ. ಅದಕ್ಕಾಗಿಯೇ ತನ್ನನ್ನು ತಾನು ಅರಿಯುವ ಓದೂ ಒಂದಿದೆ. ತಾನು ಕಲಿತದ್ದು ಹೇಗೆ, ಯಾವುದಕ್ಕೆ ಹೆದರಿದೆ, ಯಾರ ಒಂದು ಮಾತಿನಿಂದ ಧೈರ್ಯ ಬಂತು ಎಂಬುದನ್ನು ದಿನಚರಿಯಲ್ಲಿ ಬರೆದು ವಿಚಾರ ಮಾಡಬೇಕು. ಆಗ, ಛಡಿಯಿಂದ ಕಲಿತವರು ಇಲ್ಲಿಗೆ ಬಂದಿದ್ದಾರೆ, ಛಡಿಗೆ ಹೆದರಿ ಶಾಲೆ ಬಿಟ್ಟವರು ಬಂದಿಲ್ಲ ಎಂಬುದು ಅವರ ಗಮನಕ್ಕೆ ಬರುತ್ತದೆ.

ಇಷ್ಟೆಲ್ಲ ಪುಸ್ತಕದ ಓದಾಯಿತು. ಈಜನ್ನು ದಡದ ಮೇಲೆ ಕಲಿಯಲಾಗದಷ್ಟೆ. ಆದುದರಿಂದ ಪಾಠ ಹೇಳುವ ಅಭ್ಯಾಸವು ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತದೆ. ಮೊದಲು ಪಾಠ ಟಿಪ್ಪಣಿ. ಮಕ್ಕಳಿಗೆ ಈಗಾಗಲೇ ಏನು ಗೊತ್ತಿದೆ, ಈ ದಿನ ಏನು ತಿಳಿಯಬೇಕು, ಯಾವ ಸಾಮಗ್ರಿ ಬೇಕು, ಯಾವ ಪ್ರಶ್ನೆಗಳನ್ನು ಕೇಳಬೇಕು, ತಿಳಿಯಿತೆಂದು ಗೊತ್ತಾಗುವುದು ಹೇಗೆ ಎಂಬುದನ್ನು ಮುಂದಾಗಿ ಬರೆಯಬೇಕು. ತರುವಾಯ ಸೂಕ್ಷ್ಮಬೋಧನೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ೧೯೬೦ರ ದಶಕದ ಆರಂಭದಲ್ಲಿ ಹುಟ್ಟಿದ ಈ ಪದ್ಧತಿ ನಮ್ಮ ದೇಶದಲ್ಲಿಯೂ ನೆಲೆಗೊಂಡಿದೆ. ಸಹಪಾಠಿಗಳನ್ನೇ ಮಕ್ಕಳೆಂದು ಕೂರಿಸಿಕೊಂಡು, ಪ್ರಶ್ನೆ ಕೇಳುವುದು ಅಥವಾ ಹಲಗೆಯ ಮೇಲೆ ಬರೆಯುವುದು ಇಂಥ ಒಂದೇ ಒಂದು ಕೌಶಲವನ್ನು ಆರು ನಿಮಿಷ ಅಭ್ಯಸಿಸುತ್ತಾರೆ. ಆರು ನಿಮಿಷ ನೋಡಿದವರ ಅಭಿಪ್ರಾಯ, ಹನ್ನೆರಡು ನಿಮಿಷ ಪಾಠದ ತಿದ್ದುಪಡಿ, ಆರು ನಿಮಿಷ ಮತ್ತೆ ಪಾಠ, ಆರು ನಿಮಿಷ ಮತ್ತೆ ಅಭಿಪ್ರಾಯ. ಹೀಗೆ ೩೬ ನಿಮಿಷಗಳ ಒಂದು ಸುತ್ತು. ಇಪ್ಪತ್ತರ ತರುಣಿಯೊಬ್ಬಳು, “ಅಣ್ಣಾ, ನೀವು ಪ್ರಶ್ನೆ ಕೇಳಿ ನೀವೇ ಉತ್ತರ ಹೇಳಿಬಿಟ್ಟಿರಿ” ಎಂದಾಗ ಮೂವತ್ತೈದರ ಗೃಹಸ್ಥರು ಅದನ್ನು ಬರೆದುಕೊಳ್ಳಬೇಕು. ಈ ಓದಿನ ಕಠಿಣ ಭಾಗ ಇದೇ ಇರಬಹುದು.

ಕೊನೆಯದಾಗಿ ನಿಜವಾದ ಶಾಲೆ. ೨೦೧೪ರ ನಿಯಮದಂತೆ ಎರಡು ವರ್ಷಗಳಲ್ಲಿ ೨೦ ವಾರ ಶಾಲೆಯ ಅನುಭವ ಪಡೆಯಬೇಕು. ಮೊದಲ ವರ್ಷ ಹೆಚ್ಚಾಗಿ ನೋಡುವುದು, ಎರಡನೆಯ ವರ್ಷ ಕಲಿಸುವುದು. ಇಲ್ಲಿ ಒಂದು ವಿಚಿತ್ರವು ಕಂಡುಬರುತ್ತದೆ. ಹಳೆಯ ಕಸುಬಿನಲ್ಲಿ ಗುಣವಾಗಿದ್ದುದು ತರಗತಿಯಲ್ಲಿ ದೋಷವಾಗಬಹುದು. ಗಲ್ಲೆಯ ಮುಂದೆ ವೇಗವೇ ಗುಣ, ಸಾಲು ನಿಲ್ಲಬಾರದು. ತರಗತಿಯಲ್ಲಿಯಾದರೋ ಪ್ರಶ್ನೆ ಕೇಳಿದ ಮೇಲೆ ಸುಮ್ಮನೆ ಕಾಯಬೇಕು; ಆ ಮೌನದಲ್ಲಿಯೇ ನಿಧಾನದ ಮಗು ವಿಚಾರ ಮಾಡುತ್ತದೆ. ಆಸ್ಪತ್ರೆಯಲ್ಲಿ ರೋಗಿಗೆ ಉಣಿಸುವುದು, ತೊಡಿಸುವುದು, ಎಬ್ಬಿಸಿ ಕೂರಿಸುವುದು ದಾದಿಯ ಧರ್ಮ. ತರಗತಿಯಲ್ಲಿ ಮಗು ತಾನೇ ಗುಂಡಿ ಹಾಕಿಕೊಳ್ಳುವವರೆಗೆ, ತಾನೇ ಸೊಟ್ಟ ಅಕ್ಷರವನ್ನು ತಿದ್ದಿಕೊಳ್ಳುವವರೆಗೆ ಕೈ ಹಿಂದಕ್ಕಿಟ್ಟು ನಿಲ್ಲಬೇಕು. ಹಳೆಯ ಕಸುಬಿನಿಂದ ಯಾವುದನ್ನು ತರಬೇಕು, ಯಾವುದನ್ನು ಬಾಗಿಲ ಹೊರಗೆ ಬಿಡಬೇಕು ಎಂಬ ವಿವೇಕವು ಪುಸ್ತಕದಲ್ಲಿ ಸಿಗದು; ಈ ಇಪ್ಪತ್ತು ವಾರಗಳಲ್ಲಿ ಮಕ್ಕಳೇ ಅದನ್ನು ಕಲಿಸುತ್ತಾರೆ.

ತರಬೇತಿ ಮುಗಿದರೆ ಸಾಲದು. ಶಿಕ್ಷಕರ ಅರ್ಹತಾ ಪರೀಕ್ಷೆಯೂ ಇದೆ. ಒಂದರಿಂದ ಐದನೆಯ ಇಯತ್ತೆಯವರೆಗೆ ಕಲಿಸುವವರ ಪತ್ರಿಕೆಯಲ್ಲಿ ೧೫೦ ಪ್ರಶ್ನೆಗಳಿರುತ್ತವೆ. ಶಿಶುವಿಕಾಸ, ಮೊದಲ ಭಾಷೆ, ಎರಡನೆಯ ಭಾಷೆ, ಗಣಿತ, ಪರಿಸರ ಅಧ್ಯಯನ ಎಂಬ ಐದು ಭಾಗಗಳಿಗೆ ತಲಾ ೩೦. ಉತ್ತೀರ್ಣರಾಗಲು ಸಾಮಾನ್ಯವಾಗಿ ಶೇಕಡಾ ೬೦ ಅಂಕ ಬೇಕು. ಮಹಾರಾಷ್ಟ್ರ ರಾಜ್ಯದ ಪರೀಕ್ಷೆಯನ್ನು ಕನ್ನಡ ಮಾಧ್ಯಮದಲ್ಲಿಯೂ ಬರೆಯಬಹುದೆಂಬುದನ್ನು ನೀವು ನೆನಪಿಡಬೇಕು.

ಚಿಕ್ಕ ಮಕ್ಕಳಿಗೆ ಕಲಿಸುವುದು ಪ್ರತ್ಯೇಕವಾದ ವಿದ್ಯೆಯೆಂಬ ಮಾತಿಗೆ ನಮ್ಮ ಸರ್ವೋಚ್ಚ ನ್ಯಾಯಾಲಯದ ಬಲವೂ ದೊರೆತಿದೆ. ೨೦೧೮ರ ಪ್ರಕಟಣೆಯೊಂದು ಬಿ.ಎಡ್. ಪದವೀಧರರೂ ಒಂದರಿಂದ ಐದನೆಯ ಇಯತ್ತೆಗೆ ಉಪಾಧ್ಯಾಯರಾಗಬಹುದು, ಸೇರಿದ ಮೇಲೆ ಆರು ತಿಂಗಳ ಓದು ಓದಿದರೆ ಸಾಕು ಎಂದಿತ್ತು. ರಾಜಸ್ಥಾನದಿಂದ ಬಂದ ವ್ಯಾಜ್ಯದಲ್ಲಿ ೨೦೨೩ರ ಆಗಸ್ಟ್ ೧೧ರಂದು ನ್ಯಾಯಾಲಯವು ಅದನ್ನು ರದ್ದುಪಡಿಸಿತು. ಬಿ.ಎಡ್. ಓದು ದೊಡ್ಡ ಮಕ್ಕಳಿಗೆ ಕಲಿಸುವುದಕ್ಕಾಗಿ ಇರುವುದು. ಎಳೆಯ ಮಕ್ಕಳಿಗೆ ಬೇಕಾದ ಬೋಧನಕ್ರಮ ಅದರಲ್ಲಿಲ್ಲ ಎಂಬುದು ಅದರ ತಾತ್ಪರ್ಯ. ಪದವಿ ದೊಡ್ಡದಾದ ಮಾತ್ರಕ್ಕೆ ಒಂದನೆಯ ಇಯತ್ತೆಯ ಕುರ್ಚಿಗೆ ಅದು ಸಾಕಾಗುವುದಿಲ್ಲವೆಂದಾಯಿತು. ಮುಂದೆ ಈ ವ್ಯವಸ್ಥೆಯೂ ಬದಲಾಗಲಿದೆ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು, ೨೦೩೦ರ ಹೊತ್ತಿಗೆ ನಾಲ್ಕು ವರ್ಷಗಳ ಸಂಯುಕ್ತ ಬಿ.ಎಡ್. ಪದವಿಯು ಉಪಾಧ್ಯಾಯರ ಕನಿಷ್ಠ ಅರ್ಹತೆಯಾಗಬೇಕೆಂದು ಹೇಳಿದೆ. ಮೊದಲೇ ಬೇರೆ ಪದವಿ ಪಡೆದವರಿಗೆ ಎರಡು ವರ್ಷದ, ಸ್ನಾತಕೋತ್ತರ ಪದವಿ ಪಡೆದವರಿಗೆ ಒಂದು ವರ್ಷದ ದಾರಿಯನ್ನೂ ಸೂಚಿಸಿದೆ. ಆದುದರಿಂದ ಈ ದಾರಿ ಹಿಡಿಯುವವರು ತಾವು ಸೇರುವ ಕಾಲದ ನಿಯಮಗಳನ್ನು ವಿಚಾರಿಸಿಕೊಳ್ಳುವುದು ಅವಶ್ಯ.

ಇದನ್ನೆಲ್ಲ ನಿಮ್ಮ ಮುಂದೆ ಏಕೆ ಹೇಳುತ್ತಿದ್ದೇನೆ? ಮುಂಬಯಿ ಮಹಾನಗರಪಾಲಿಕೆಯು ಕನ್ನಡವೂ ಸೇರಿ ಎಂಟು ಭಾಷೆಗಳಲ್ಲಿ ಶಾಲೆಗಳನ್ನು ನಡೆಸುತ್ತದೆ. ನಮ್ಮವರ ಸಂಘಸಂಸ್ಥೆಗಳೂ ಕನ್ನಡ ಶಾಲೆಗಳನ್ನು ಕಟ್ಟಿವೆ. ಕಟ್ಟಡವಿದ್ದರೆ, ಪುಸ್ತಕವಿದ್ದರೆ, ಮಕ್ಕಳಿದ್ದರೂ ಕೂಡ ಶಾಲೆ ನಡೆಯದು. ಒಂದನೆಯ ಇಯತ್ತೆಯ ಬಾಗಿಲಲ್ಲಿ ಕನ್ನಡ ಬಲ್ಲ, ಮಗುವನ್ನು ಬಲ್ಲ, ನಿಯಮದಂತೆ ಅರ್ಹರಾದ ಒಬ್ಬರು ನಿಂತಿರಬೇಕು. ಅಂಥವರು ನಿವೃತ್ತರಾದಾಗ ಆ ಸ್ಥಳಕ್ಕೆ ಬರುವವರು ಯಾರು? ಹೊರಗಿನಿಂದ ತರಿಸಬಹುದು, ಆದರೆ ಈ ಊರಿನ ಬೀದಿಯನ್ನೂ ಈ ಮಕ್ಕಳ ಮನೆಯ ಮಾತನ್ನೂ ಬಲ್ಲವರು ನೀವೇ. ನಿಮ್ಮಲ್ಲಿ ಅನೇಕರು ಮನೆಯ ಪರಿಸ್ಥಿತಿಯಿಂದ ಮೊದಲು ಅಂಗಡಿ, ಹೋಟೆಲು, ಕಚೇರಿಗಳ ಕೆಲಸಕ್ಕೆ ಸೇರಬೇಕಾಗಬಹುದು. ಅದರಿಂದ ಗುರುವಾಗುವ ಬಾಗಿಲು ಮುಚ್ಚಿತೆಂದು ಭಾವಿಸಬೇಡಿರಿ. ಹನ್ನೆರಡನೆಯದನ್ನು ಒಳ್ಳೆಯ ಅಂಕಗಳಿಂದ ಮುಗಿಸಿರಿ. ಕನ್ನಡದ ಓದನ್ನು ಬಿಡದಿರಿ. ಮರಾಠಿಯನ್ನು ಚೆನ್ನಾಗಿ ಕಲಿಯಿರಿ. ಮಾಡುವ ಕೆಲಸವನ್ನು ಕಣ್ಣು ತೆರೆದು ಮಾಡಿರಿ. ಅಲ್ಲಿ ಕಲಿತದ್ದು ಎಂದಾದರೊಂದು ದಿನ ತರಗತಿಯಲ್ಲಿ ಉಪಯೋಗಕ್ಕೆ ಬಂದೀತು.

ಈ ವಿದ್ಯೆಯ ರುಚಿ ನೋಡಲು ತರಬೇತಿಗೆ ಸೇರುವವರೆಗೆ ಕಾಯಬೇಕಾಗಿಲ್ಲ. ಈ ರಜೆಯಲ್ಲಿ ನಿಮ್ಮ ತಮ್ಮನಿಗೋ ತಂಗಿಗೋ ಚಾಳಿನ ಪಕ್ಕದ ಮನೆಯ ಮಗುವಿಗೋ ೫೨ರಿಂದ ೨೭ನ್ನು ಕಳೆಯಲು ಹೇಳಿರಿ. ಉತ್ತರ ತಪ್ಪಾದರೆ ಕೂಡಲೇ ತಿದ್ದಬೇಡಿರಿ. “ಹೇಗೆ ಮಾಡಿದೆ, ನನಗೂ ಹೇಳಿಕೊಡು” ಎಂದು ಕೇಳಿ, ಮಗು ಹೇಳಿ ಮುಗಿಸುವವರೆಗೆ ಸುಮ್ಮನಿರಿ. ಅಷ್ಟು ಹೊತ್ತು ಬಾಯಿ ಮುಚ್ಚಿ ಕಿವಿ ತೆರೆದಿರುವುದು ಎಷ್ಟು ಕಷ್ಟವೆಂಬುದು ತಿಳಿದಾಗ, ಎರಡು ವರ್ಷದ ಓದು ಏತಕ್ಕೆ ಎಂಬ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿದಂತೆಯೇ ಸರಿ.